ಹಿತ್ತಲ ಗಿಡ, ಮನೆಗೆ ನಾಲ್ಕು

ಕರ್ನಾಟಕದಿಂದ ಹೊರಟು, ದಾರಿಯಲ್ಲಿ ಒಂದು ಅರ್ಕಾವೊತ್ತನ್ನೂ ಕೊನೆಯ ಒಂದು ‘ಕ’ವನ್ನೂ ಕಳೆದುಕೊಂಡು ನಾವು ನಾಲ್ವರು ಬಂದು ನೆಲೆಸಿರುವ ಊರು ಕನಾಟ. ಇದು ಕೆನಡಾದ ರಾಜಧಾನಿ ಒಟ್ಟಾವದ ಪಶ್ಚಿಮಕ್ಕಿರುವ ಬಡಾವಣೆ. ಇಲ್ಲಿ ತಂತ್ರಾಂಶದ ಕಚೇರಿಗಳು ಹೆಚ್ಚು, ಬೇಸಿಗೆ ಕಡಿಮೆ. ಏಪ್ರಿಲ್ ತಿಂಗಳ ಒಂದು ಶನಿವಾರ, ಬೇಲಿಯ ನೆರಳಿನಲ್ಲಿ ಕೊಳೆ ಹಿಡಿದ ಹಿಮದ ರಾಶಿ ಇನ್ನೂ ಕರಗದೆ ಉಳಿದಿದ್ದಾಗ, ಗೌಡರ ಮನೆಗೆ ಕಾಫಿಗೆಂದು ಹೋದ ನಮಗೆ ಊಟದ ಮೇಜಿನ ಮೇಲೆ ಒಂದರ ಮೇಲೊಂದು ಕವುಚಿಟ್ಟ ಎರಡು ಸ್ಟೀಲ್ ತಟ್ಟೆಗಳು ಕಂಡವು. ಪರರ ಅಡುಗೆಮನೆಯಲ್ಲಿ ಮುಚ್ಚಿಟ್ಟದ್ದನ್ನು ತೆರೆದು ನೋಡುವ ಹಕ್ಕು ತಮಗೆ ಹುಟ್ಟಿನಿಂದಲೇ ಬಂದಿದೆಯೆಂದು ನಂಬಿರುವ ಪದ್ಮಕ್ಕ ಮೇಲಿನ ತಟ್ಟೆಯನ್ನು ಎತ್ತಿದರು. ಒದ್ದೆ ಟಿಶ್ಯೂ ಕಾಗದದ ಮಡಿಕೆಯಲ್ಲಿ, ಕೊತ್ತಂಬರಿ ಬೀಜಕ್ಕಿಂತ ಕೊಂಚ ಸಣ್ಣದಾದ, ಮೈಮೇಲೆ ಕಂದು ಗೀರುಗಳಿದ್ದ ಎರಡು ಬೀಜಗಳು ಮಲಗಿದ್ದವು. ಎರಡರ ತುದಿಯಲ್ಲೂ ಅಕ್ಕಿನುಚ್ಚಿನಷ್ಟು ಬಿಳಿಯ ಬೇರು ಇಣುಕಿತ್ತು.

“ಎರಡೇ ಕಾಳಿನಲ್ಲಿ ಕೋಸಂಬರಿ ಮಾಡುತ್ತೀರಾ, ಗೌಡರೇ?” ಎಂದು ಪದ್ಮಕ್ಕ ಕೇಳಿದರು.

“ಕೋಸಂಬರಿಗಲ್ಲ ಪದ್ಮಕ್ಕ, ಅದು ಗಾಂಜಾ,” ಎಂದು ಗೌಡರು ಮೆಂತ್ಯದ ವಿಷಯ ಹೇಳುವಷ್ಟೇ ಸಹಜವಾಗಿ ಹೇಳಿದರು.

ರಾಯರು ಬಾಯಿಗೆ ಒಯ್ಯುತ್ತಿದ್ದ ಬಿಸ್ಕತ್ತನ್ನು ಒಮ್ಮೆ ಮೂಸಿ ನೋಡಿ ಕೆಳಗಿಟ್ಟರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗೌಡರು ಜೀವಮಾನದಲ್ಲಿ ಬೀಡಿಯನ್ನೂ ಮುಟ್ಟಿದವರಲ್ಲ. ಹಾಸನ ಜಿಲ್ಲೆಯ ಶುಂಠಿ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಹೊಲದ ಕೆಲಸದಿಂದ ತಪ್ಪಿಸಿಕೊಳ್ಳುವ ಏಕೈಕ ಉದ್ದೇಶದಿಂದ ಇಂಜಿನಿಯರಾದ ಅವರಿಗೆ, ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಮಣ್ಣಿನ ಮೇಲೆ ಪ್ರೀತಿ ಉಕ್ಕಿತ್ತು. ಟೊಮೆಟೊವನ್ನು ಬೀದಿಯವರೆಲ್ಲರೂ ಬೆಳೆಯುತ್ತಿದ್ದುದರಿಂದ ಅದು ಅವರ ಘನತೆಗೆ ಸಾಲಲಿಲ್ಲ.

“ನಮ್ಮ ಕಡೆಯ ಪತ್ರಿಕೆಗಳಲ್ಲಿ ‘ಶುಂಠಿ ಹೊಲದ ನಡುವೆ ಗಾಂಜಾ, ರೈತನ ಬಂಧನ’ ಎಂಬ ಸುದ್ದಿಯನ್ನು ಓದಿಕೊಂಡೇ ಬೆಳೆದವನು ನಾನು,” ಎಂದರು ಗೌಡರು. “ಊರಿನಲ್ಲಿ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಜೈಲಿಗೆ ಕಳುಹಿಸುವ ಗಿಡವನ್ನು, ಇಲ್ಲಿ ನೀರು ಹಾಕುವ ಕ್ಯಾನು ಹಿಡಿದು ರಾಜಾರೋಷವಾಗಿ ಬೆಳೆಯಬಹುದಾದರೆ, ಒಮ್ಮೆಯಾದರೂ ಬೆಳೆದು ನೋಡಬಾರದೇ?”

ಕಾನೂನಿನ ಮಾತು ಬಂದಾಗ ರಾಯರಿಗೆ ಚೈತನ್ಯ ಬರುತ್ತದೆ. 2018ರ ಅಕ್ಟೋಬರ್ 17ರಂದು ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾಯಿತೆಂದೂ, ಒಂಟಾರಿಯೊ ಪ್ರಾಂತದಲ್ಲಿ 19 ವರ್ಷ ತುಂಬಿದವರು ಪರವಾನಗಿಯುಳ್ಳ ಅಂಗಡಿಯಿಂದ ಬೀಜ ತಂದು ಬೆಳೆಯಬಹುದೆಂದೂ, ಆದರೆ ಲೆಕ್ಕ ಮನೆಗೆ ನಾಲ್ಕು ಗಿಡವೇ ಹೊರತು ತಲೆಗೆ ನಾಲ್ಕಲ್ಲವೆಂದೂ ಅವರು ವಿವರಿಸಿದರು. ಗೌಡರು ಆಗಲೇ ಬೀಜದ ಬಿಲ್ಲನ್ನು ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಹಾಸನದ ಭಯ ಒಟ್ಟಾವದ ಕಾನೂನಿಗೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ.

ನಿಜವಾದ ಜಗಳ ಆರಂಭವಾದದ್ದು ತಳಿಯ ವಿಷಯದಲ್ಲಿ. ಗಾಂಜಾ ಗಿಡ ನಮ್ಮ ಸೇವಂತಿಗೆಯ ಜಾತಕದ್ದು. ಹಗಲು ಕುಗ್ಗಿ ಇರುಳು ಹಿಗ್ಗದೆ ಅದು ಹೂ ಬಿಡುವುದಿಲ್ಲ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿಯಿಡೀ ಸಾಲು ದೀಪ ಉರಿಸಿ ಹೂವನ್ನು ತಡಮಾಡಿಸುವ ರೈತರಿಗೆ ಈ ಗುಟ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲ. ಒಟ್ಟಾವದಲ್ಲಾದರೋ ಜೂನ್ ತಿಂಗಳಿನಲ್ಲಿ ಅದು 15 ಗಂಟೆಯನ್ನೂ ಮೀರುತ್ತದೆ. ಹೀಗಾಗಿ ಇಲ್ಲಿ ಗಿಡವು ಆಗಸ್ಟ್ ನಡುವಿನವರೆಗೆ ಸುಮ್ಮನೆ ಎಲೆ ಬಿಟ್ಟುಕೊಂಡು ಬೆಳೆಯುತ್ತಲೇ ಇದ್ದು, ಆಮೇಲೆ ಎಚ್ಚೆತ್ತು ಹೂವಿಗೆ ತೊಡಗುತ್ತದೆ. ಆ ಹೂ ಮಾಗಲು ಎಂಟು ವಾರಗಳಾದರೂ ಬೇಕು, ಅಷ್ಟರಲ್ಲಿ ಸೆಪ್ಟೆಂಬರ್ ತಿಂಗಳ ಕೊನೆಗೆ ಫ್ರಾಸ್ಟ್ ಎಂಬ, ಇಬ್ಬನಿಯೂ ಹೆಪ್ಪುಗಟ್ಟುವ ಚಳಿ ಬಂದು ಬಾಗಿಲು ತಟ್ಟುತ್ತದೆ.

“ಆದ್ದರಿಂದಲೇ ಚಳಿಯ ದೇಶಕ್ಕೆ ಆಟೋಫ್ಲವರ್ ಎಂಬ ತಳಿ ಇದೆ,” ಎಂದರು ರಾಯರು. “1924ರಲ್ಲಿ ಯಾನಿಶೆವ್‌ಸ್ಕಿ ಎಂಬ ರಷ್ಯದ ಸಸ್ಯವಿಜ್ಞಾನಿ ರುಡರಾಲಿಸ್ ಎಂದು ಹೆಸರಿಟ್ಟ ಕುಳ್ಳ ಕಾಡುಗಿಡದ ರಕ್ತ ಅದರಲ್ಲಿದೆ. ಅದು ಹಗಲನ್ನು ನೋಡುವುದೇ ಇಲ್ಲ. ಮೊಳೆತು ಕೆಲವು ವಾರಗಳಾದವೆಂದರೆ ತಾನಾಗಿಯೇ ಹೂ ಬಿಡುತ್ತದೆ.”

“ಎಂದರೆ ಬೆಂಗಳೂರಿನ ಆಟೋದಂತೆ,” ಎಂದರು ಪದ್ಮಕ್ಕ. “ಮೀಟರು ಏನು ತೋರಿಸಿದರೂ ತನ್ನ ಲೆಕ್ಕದಲ್ಲಿಯೇ ನಡೆಯುತ್ತದೆ.”

ಗೌಡರಿಗೆ ಇದು ಒಪ್ಪಿಗೆಯಾಗಲಿಲ್ಲ. ಋತುಮಾನವನ್ನು ಲೆಕ್ಕಿಸದ ಗಿಡ ಗಿಡವೇ ಅಲ್ಲವೆಂದು ಅವರು ವಾದಿಸಿದರು. ಕೊನೆಗೆ, ತಟ್ಟೆಯಲ್ಲಿದ್ದ ಎರಡು ಹಗಲು ನೋಡುವ ಗಿಡಗಳು ಗೌಡರವೆಂದೂ, ಮೇ ತಿಂಗಳಿನಲ್ಲಿ ಬಿತ್ತುವ ಎರಡು ಆಟೋಗಳು ರಾಯರ ಮೇಲ್ವಿಚಾರಣೆಯವೆಂದೂ ರಾಜಿಯಾಯಿತು. ನಾನು ಮಧ್ಯಸ್ಥ, ಕಾಫಿಯ ಹೊರತು ನನಗೆ ಬೇರೆ ಪಾಲಿರಲಿಲ್ಲ.

ಮೇ 25ಕ್ಕೆ ಮುಂಚಿನ ಸೋಮವಾರ ಬರುವ ವಿಕ್ಟೋರಿಯಾ ದಿನದ ಮೊದಲು ಏನನ್ನೂ ಹೊರಗೆ ನೆಡಬಾರದೆಂಬುದು ಇಲ್ಲಿನವರ ಪಂಚಾಂಗ. ಅದಕ್ಕೆ ಹತ್ತು ದಿನ ಮುಂಚಿನಿಂದ ಗೌಡರು ಎರಡು ಸಸಿಗಳನ್ನು ಎತ್ತಿಕೊಂಡು ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ ಎಂದು ಬಿಸಿಲಿಗೂ ಗಾಳಿಗೂ ರೂಢಿ ಮಾಡಿಸತೊಡಗಿದರು. ಕೂಸನ್ನು ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವ ಬಾಣಂತಿಯ ತಾಯಿಯಂತೆ ಅವರು ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಕಚೇರಿಯ ಮೀಟಿಂಗುಗಳನ್ನು ಅಲ್ಲಿಂದಲೇ ಮುಗಿಸುತ್ತಿದ್ದರು. ಕರಿಬೇವಿನ ಕುಂಡವನ್ನು ಹನ್ನೊಂದು ಚಳಿಗಾಲ ಕಾಪಾಡಿದ ಪದ್ಮಕ್ಕ ಇದನ್ನು ನೋಡಿ, “ಒಗ್ಗರಣೆಗೂ ಬಾರದ ಗಿಡಕ್ಕೆ ಇಷ್ಟು ಉಪಚಾರವೇ?” ಎಂದು ನಿಟ್ಟುಸಿರಿಟ್ಟರು.

ನೆಲಕ್ಕೇ ನೆಡಬೇಕೆಂಬ ಗೌಡರ ಹಠವೂ ಬಹಳ ದಿನ ಉಳಿಯಲಿಲ್ಲ. ಹಿಮಯುಗದ ಕೊನೆಯಲ್ಲಿ ಇಲ್ಲಿ ಹರಡಿದ್ದ ಶಾಂಪ್ಲೇನ್ ಸಮುದ್ರ ಬಿಟ್ಟುಹೋದ ಲೀಡಾ ಜೇಡಿಮಣ್ಣು ಅವರ ಸನಿಕೆಯನ್ನು ಒಮ್ಮೆ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಅರ್ಧ ಅಡಿ ಅಗೆದು, ಸೊಂಟ ಹಿಡಿದುಕೊಂಡು, “ಬಟ್ಟೆಯ ಕುಂಡದಲ್ಲಿ ಬೇರಿಗೆ ಗಾಳಿಯಾಡುತ್ತದೆ, ಮಣ್ಣೂ ಬೇಗ ಬೆಚ್ಚಗಾಗುತ್ತದೆ” ಎಂದು ತಾವೇ ಕಂಡುಹಿಡಿದವರಂತೆ ಘೋಷಿಸಿದರು.

ಗಂಡು ಗಿಡದ ಪ್ರಸಂಗ ಜುಲೈನಲ್ಲಿ ಬಂದಿತು. ಗಾಂಜಾದಲ್ಲಿ ಪಪ್ಪಾಯಿಯಂತೆಯೇ ಗಂಡು ಬೇರೆ, ಹೆಣ್ಣು ಬೇರೆ; ಗಂಡಿನ ಪರಾಗ ಬಿದ್ದರೆ ಹೆಣ್ಣಿನ ಹೂವೆಲ್ಲ ಬೀಜವಾಗಿ ಕೆಡುತ್ತದೆ. ಬೀಜದ ಪೊಟ್ಟಣದ ಮೇಲೆ ‘ಹೆಣ್ಣು ಮಾತ್ರ’ ಎಂದು ಬರೆದಿದ್ದರೂ ರಾಯರು ಭೂತಗನ್ನಡಿ ಹಿಡಿದು ಪ್ರತಿ ಗೆಣ್ಣನ್ನೂ ಪರೀಕ್ಷಿಸುತ್ತಿದ್ದರು. ಗೆಣ್ಣಿನಲ್ಲಿ ಸಣ್ಣ ಗುಂಡು ಮೊಗ್ಗಿದ್ದರೆ ಗಂಡು. ಬಿಳಿಯ ಕೂದಲಿನಂಥ ಎರಡು ಎಳೆಗಳು ಹೊರಚಾಚಿದ್ದರೆ ಹೆಣ್ಣು. ನಾಲ್ಕರಲ್ಲಿಯೂ ಎಳೆಗಳು ಕಂಡ ಸಂಜೆ ಗೌಡರು ನಮಗೆಲ್ಲ ಕೇಸರಿಬಾತು ಮಾಡಿಸಿದರು.

ಆಗಸ್ಟ್ ನಡುವಿನಲ್ಲಿ ರಾಯರ ಆಟೋಗಳು ಮೊಣಕಾಲೆತ್ತರಕ್ಕೆ ನಿಂತು, ಹೂ ಮಾಗಿ, ಕೊಯ್ಲಾಗಿ ಹೋದವು. ಗೌಡರ ಗಿಡಗಳು ಅದೇ ಹೊತ್ತಿಗೆ ಬೇಲಿಯನ್ನು ಮೀರಿ ನೆರೆಮನೆಯತ್ತ ಇಣುಕತೊಡಗಿದ್ದವು. ಸೆಪ್ಟೆಂಬರಿನಲ್ಲಿ ಹೂವು ದಟ್ಟೈಸಿದಂತೆ ವಾಸನೆಯೂ ದಟ್ಟವಾಯಿತು. ಬೀದಿಯ ತಿರುವಿನಲ್ಲಿ ಕಾರಿನ ಗಾಜನ್ನು ಇಳಿಸಿದರೆ ಸಾಕು, ಗೌಡರ ಮನೆ ಹತ್ತಿರವಾಯಿತೆಂದು ತಿಳಿಯುತ್ತಿತ್ತು. ಪಕ್ಕದ ಮನೆಯ ವೃದ್ಧೆ ಅದು ಸ್ಕಂಕ್ ಎಂಬ ಪ್ರಾಣಿಯ ಕೆಲಸವೆಂದು ನಂಬಿ ನಗರಸಭೆಗೆ ಫೋನು ಮಾಡಲು ಹೊರಟಿದ್ದರು. ಗೌಡರು ಲ್ಯಾಮಿನೇಟ್ ಮಾಡಿದ ಬಿಲ್ಲನ್ನು ಹಿಡಿದುಕೊಂಡು ಓಡಿದರು.

ತಿಂಗಳ ಕೊನೆಯ ಒಂದು ರಾತ್ರಿ ಉಷ್ಣಾಂಶ ಸೊನ್ನೆಗಿಳಿಯುವ ಸೂಚನೆ ಬಂದಾಗ ಹತ್ತೂವರೆಗೆ ನಮಗೆಲ್ಲ ಕರೆ ಬಂದಿತು. ನೀರು ಕುಡಿದ ಕುಂಡವನ್ನು ನಾಲ್ವರು ಸೇರಿ ಅಲುಗಿಸಲೂ ಆಗಲಿಲ್ಲ. ಪ್ಲಾಸ್ಟಿಕ್ ಹಾಳೆ ಎಲೆಗೆ ತಗುಲಿದರೆ ಅಲ್ಲಿಯೇ ಚಳಿ ಕಚ್ಚುವುದರಿಂದ ಬಟ್ಟೆಯನ್ನೇ ಹೊದಿಸಬೇಕಿತ್ತು. ಮದುವೆಯಲ್ಲಿ ಬಂದು ಪೆಟ್ಟಿಗೆಯಲ್ಲಿಯೇ ಉಳಿದಿದ್ದ ಗೌಡರ ಎರಡು ಬಿಳಿ ಪಂಚೆಗಳು ಹೊರಬಂದವು. ಕೋಲುಗಳನ್ನು ನೆಟ್ಟು, ಪಂಚೆ ಹೊದಿಸಿ, ಗಾಳಿಗೆ ಹಾರದಿರಲೆಂದು ಬಟ್ಟೆಯ ಕ್ಲಿಪ್ಪು ಹಾಕಿ ಬಿಗಿದೆವು. ಬೆಳದಿಂಗಳಿನಲ್ಲಿ ಆರಡಿಯ ಎರಡು ಬಿಳಿಯ ಆಕೃತಿಗಳು ಓಲಾಡುತ್ತಿದ್ದವು. ಬೆಳಿಗ್ಗೆ ಅದೇ ವೃದ್ಧೆ ಬೇಲಿಯಾಚೆಯಿಂದ, ಹ್ಯಾಲೋವೀನಿಗೆ ಒಂದು ತಿಂಗಳು ಮುಂಚೆಯೇ ಭೂತಗಳನ್ನು ನಿಲ್ಲಿಸಿದ ಗೌಡರ ಉತ್ಸಾಹವನ್ನು ಕೊಂಡಾಡಿದರು.

ಚಳಿಯಿಂದ ಗಿಡಗಳು ಉಳಿದವು. ಎಲೆಗಳು ಬದನೆಯ ಬಣ್ಣಕ್ಕೆ ತಿರುಗಿದ್ದನ್ನು ಗೌಡರು ಫೋಟೋ ತೆಗೆದು ಎಲ್ಲರಿಗೂ ಕಳುಹಿಸಿದರು. ಆದರೆ ಚಳಿಯ ಹಿಂದೆಯೇ ಬಂದ ನಾಲ್ಕು ದಿನದ ಜಡಿಮಳೆಗೆ ಪಂಚೆಯ ಉತ್ತರವಿರಲಿಲ್ಲ. ದಪ್ಪ ಹೂವೊಂದರ ನಡುವೆ ಒಂದೇ ಒಂದು ಎಲೆ ಹಳದಿಯಾಗಿ ಬಾಗಿತ್ತು. ಪದ್ಮಕ್ಕ ಅದನ್ನು ಹಿಡಿದೆಳೆದಾಗ ಪ್ರತಿರೋಧವೇ ಇಲ್ಲದೆ ಕಿತ್ತು ಬಂದಿತು; ಹೂವನ್ನು ಬಿಡಿಸಿ ನೋಡಿದರೆ ಒಳಗೆಲ್ಲ ಬೂದಿಬಣ್ಣದ ಬೂಸ್ಟು. ದ್ರಾಕ್ಷಿಯನ್ನೂ ಸ್ಟ್ರಾಬೆರಿಯನ್ನೂ ಕೊಳೆಸುವ ಬೊಟ್ರೈಟಿಸ್ ಶಿಲೀಂಧ್ರವೇ ಇದೆಂದು ರಾಯರು ಹೇಳಿದರು. ಆಟೋಗಳನ್ನು ಆಗಲೇ ಕೊಯ್ದ ನೆಮ್ಮದಿ ಅವರ ದನಿಯಲ್ಲಿ ಇಲ್ಲದಿರಲಿಲ್ಲ.

ಆ ಸಂಜೆಯೇ ಕತ್ತರಿ ಹಿಡಿದು ಕುಳಿತೆವು. ಕೊಳೆತದ್ದನ್ನು ಬಿಸಾಡಿ ಉಳಿದದ್ದನ್ನು ಬೇರ್ಪಡಿಸುವಷ್ಟರಲ್ಲಿ ಬೆರಳುಗಳಿಗೆ ಹಲಸಿನ ಮೇಣದಂಥ ಅಂಟು ಹಿಡಿದಿತ್ತು. ಪದ್ಮಕ್ಕನವರು ಹಲಸು ಬಿಡಿಸುವ ಕ್ರಮದಲ್ಲಿಯೇ ಕೈಗೆ ಕೊಬ್ಬರಿ ಎಣ್ಣೆ ಸವರಿಸಿ ಬಿಡಿಸಿದರು. ರೆಂಬೆಗಳು ಗೌಡರ ಕೋಟುಗಳನ್ನು ಹೊರಹಾಕಿದ ಬೀರುವಿನಲ್ಲಿ ಹತ್ತು ದಿನ ತಲೆಕೆಳಗಾಗಿ ತೂಗಿ ಒಣಗಿ, ಕೊನೆಗೆ ಉಪ್ಪಿನಕಾಯಿಯ ಗಾಜಿನ ಭರಣಿಗಳನ್ನು ಸೇರಿ ಬೀಗದೊಳಗಾದವು. ಅವುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಆಗಲೇ ಮೊದಲ ಬಾರಿಗೆ ನಮ್ಮಲ್ಲಿ ಎದ್ದಿತು. ಸೇದುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಊರಿನಿಂದ ಗೌಡರ ತಾಯಿಯ ವಿಡಿಯೋ ಕರೆ ಬಂದಿತು. ಮಗ ಬೇಸಿಗೆಯಿಡೀ ಯಾವುದೋ ಮದ್ದಿನ ಗಿಡ ಬೆಳೆಯುತ್ತಿದ್ದಾನೆಂದಷ್ಟೇ ಅವರಿಗೆ ಗೊತ್ತಿತ್ತು.

“ಬೆಳೆ ಕೈಗೆ ಬಂತೇನಪ್ಪಾ?”

“ಅರ್ಧ ಕೊಳೆಯಿತು, ಅರ್ಧ ಉಳಿಯಿತು, ಅವ್ವ.”

“ಹಾಗಾದರೆ ಶುಂಠಿಗಿಂತ ಮೇಲು,” ಎಂದು ಆ ತಾಯಿ ಸಂತೋಷಪಟ್ಟರು. “ಈ ಸಲ ಬರುವಾಗ ನಾಲ್ಕು ಬೀಜ ತೆಗೆದುಕೊಂಡು ಬಾ. ಶುಂಠಿ ಹೊಲದ ನಡುವೆ ಹಾಕಿ ನೋಡೋಣ.”

ಗೌಡರು ನೆಟ್‌ವರ್ಕ್ ಸರಿಯಿಲ್ಲವೆಂದು ಹೇಳಿ ಫೋನನ್ನು ಕವುಚಿಟ್ಟರು.