ನಗರದ ಎಥಿಕ್ಸ್ ಬೋರ್ಡ್‌ಗೆ ದುಡ್ಡು ಎಲ್ಲಿಂದ ಬರಬೇಕು, ಚಾರ್ಟರ್‌ನಲ್ಲಿ ಹೇಗೆ ಬರೆಯಬೇಕು? (ಚರ್ಚೆ; ಕರಡುಪ್ರತಿ, ಆಯವ್ಯಯ, ಹುದ್ದೆಪಟ್ಟಿ, ಕಲಮು ಇವು ಭಾಗವಹಿಸಿದವರ ಅಡ್ಡಹೆಸರುಗಳು)

ಕರಡುಪ್ರತಿ:
ಅಮೆರಿಕದ ಮಧ್ಯಮ ಗಾತ್ರದ ನಗರವೊಂದರ ಚಾರ್ಟರ್ (ನಗರಾಡಳಿತದ ಮೂಲ ಕಾನೂನು) ತಿದ್ದುಪಡಿಯ ಕರಡು ತಯಾರಾಗುತ್ತಿದೆ. ಜನರಲ್ ಫಂಡ್ (ನಗರದ ದೈನಂದಿನ ಖರ್ಚಿನ ಮುಖ್ಯ ನಿಧಿ) ಸುಮಾರು 20 ಕೋಟಿ ಡಾಲರ್. ನಗರದ ಅಧಿಕಾರಿಗಳು, ಚುನಾಯಿತ ಕೌನ್ಸಿಲ್ ಸದಸ್ಯರ ನಡವಳಿಕೆಯ ಮೇಲೆ ಕಣ್ಣಿಡುವ ಹೊಸ ಎಥಿಕ್ಸ್ ಬೋರ್ಡ್‌ನ ಹಣಕಾಸಿನ ಬಗ್ಗೆ ಕರಡಿನಲ್ಲಿರುವುದು ಒಂದೇ ಸಾಲು: "ಕೌನ್ಸಿಲ್ ಸಾಕಷ್ಟು ಅನುದಾನ ಒದಗಿಸತಕ್ಕದ್ದು." ಇಷ್ಟು ಸಾಕೇ? ಬಜೆಟ್‌ನ ಶೇಕಡಾವಾರು ಪಾಲು, ಕನಿಷ್ಠ ಸಿಬ್ಬಂದಿ, ಗುತ್ತಿಗೆಗಳ ಮೇಲೆ ಶುಲ್ಕ, ವಸೂಲಾದ ದಂಡ, ಹೀಗೆ ನಾಲ್ಕು ಸಲಹೆ ಬಂದಿವೆ. ಯಾವುದು ನಿಲ್ಲುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ?

ಆಯವ್ಯಯ:
ಸಾಲದು. "ಸಾಕಷ್ಟು" ಎಷ್ಟು ಅಂತ ತೀರ್ಮಾನಿಸುವವರು ಕೌನ್ಸಿಲ್ ಸದಸ್ಯರು. ಬೋರ್ಡ್ ತನಿಖೆ ಮಾಡಬೇಕಾದವರೂ ಅವರೇ. ದೊಡ್ಡ ಪ್ರಕರಣವೊಂದರ ಮರುವರ್ಷವೇ ಬೋರ್ಡ್‌ನ ಬಜೆಟ್ ಕುಗ್ಗಿದರೆ ಆ ಸಾಲು ಹಿಡಿದು ಯಾರೂ ಏನೂ ಕೇಳುವ ಹಾಗಿಲ್ಲ.

ಶೇಕಡಾವಾರು ಪಾಲಿಗೆ ಹೆಚ್ಚಾಗಿ ಎತ್ತಿ ತೋರಿಸುವ ಉದಾಹರಣೆ ನ್ಯೂ ಆರ್ಲಿಯನ್ಸ್. 2008ರಲ್ಲಿ ಅಲ್ಲಿನ ಮತದಾರರು ಇನ್‌ಸ್ಪೆಕ್ಟರ್ ಜನರಲ್ (ಆಡಳಿತದ ಭ್ರಷ್ಟಾಚಾರ, ದುಂದುವೆಚ್ಚ ತನಿಖೆ ಮಾಡುವ ಸ್ವತಂತ್ರ ಅಧಿಕಾರಿ, ಪೊಲೀಸ್ ಹುದ್ದೆಯಲ್ಲ) ಕಚೇರಿ ಮತ್ತು ಎಥಿಕ್ಸ್ ರಿವ್ಯೂ ಬೋರ್ಡ್ ಎರಡಕ್ಕೂ ಸೇರಿ ಜನರಲ್ ಫಂಡ್‌ನ ಶೇ 0.75ರಷ್ಟನ್ನು ಚಾರ್ಟರ್‌ನಲ್ಲೇ ಮೀಸಲಿಟ್ಟರು. 2016ರಲ್ಲಿ ಅದನ್ನು ಒಡೆದು ಇನ್‌ಸ್ಪೆಕ್ಟರ್ ಜನರಲ್‌ಗೆ 0.55, ಪೊಲೀಸರ ಮೇಲೆ ನಿಗಾ ಇಡುವ ಪೊಲೀಸ್ ಮಾನಿಟರ್‌ಗೆ 0.16, ಎಥಿಕ್ಸ್ ಬೋರ್ಡ್‌ಗೆ 0.04 ಅಂತ ಮಾಡಿದರು. ಆ ಕೊನೆಯ ಅಂಕಿಯನ್ನು ನಿಮ್ಮ ನಗರಕ್ಕೆ ಹಾಗೇ ಎತ್ತಿಕೊಂಡರೆ ಸಿಗುವುದು ವರ್ಷಕ್ಕೆ 80,000 ಡಾಲರ್. ಸಂಬಳದ ಜೊತೆ ಆರೋಗ್ಯ ವಿಮೆ, ಪಿಂಚಣಿ ಪಾಲು ಸೇರಿಸಿದರೆ ಒಬ್ಬ ಅನುಭವಿ ವಕೀಲರಿಗೂ ಆ ದುಡ್ಡು ಸಾಕಾಗುವುದಿಲ್ಲ.

ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಿ. ಮೊದಲು ಹುದ್ದೆಗಳು: ನಿರ್ದೇಶಕ, ತನಿಖಾಧಿಕಾರಿ, ಸಲಹೆ-ತರಬೇತಿ ನೋಡಿಕೊಳ್ಳುವವರು. ಆಮೇಲೆ ಹೊರಗಿನ ವಕೀಲರು, ವಿಚಾರಣಾಧಿಕಾರಿ, ಆಸ್ತಿ ವಿವರ ಸಲ್ಲಿಕೆಯ ಸಾಫ್ಟ್‌ವೇರ್. ಒಟ್ಟು ಮೊತ್ತ ಬಂದ ಮೇಲೆ ಅದು ಶೇಕಡಾ ಎಷ್ಟು ಎಂದು ನೋಡಿ.

ಪಾಲು "ಯಾವುದರ" ಮೇಲೆ ಎಂಬುದನ್ನೂ ಬಿಡಿಸಿ ಬರೆಯಿರಿ. ಷಿಕಾಗೊದ ಇನ್‌ಸ್ಪೆಕ್ಟರ್ ಜನರಲ್‌ಗೆ ಇರುವ ಶೇ 0.14ರ ಕನಿಷ್ಠ ಮಿತಿ ಎಲ್ಲ ನಿಧಿಗಳ ಒಟ್ಟು ಹಂಚಿಕೆಯ ಮೇಲಿನದು, ನ್ಯೂ ಆರ್ಲಿಯನ್ಸ್‌ನದು ಜನರಲ್ ಫಂಡ್ ಮೇಲಿನದು. ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆರ್ಥಿಕ ಹಿಂಜರಿತದಲ್ಲಿ ಆದಾಯ ಇಳಿದಾಗ ಪಾಲೂ ಇಳಿಯುತ್ತದೆ, ದೂರುಗಳು ಇಳಿಯುವುದಿಲ್ಲ. ಹಾಗಾಗಿ ಶೇಕಡಾವಾರು ಅಥವಾ ನಿಗದಿತ ಡಾಲರ್ ಮೊತ್ತ, "ಎರಡರಲ್ಲಿ ಯಾವುದು ಹೆಚ್ಚೋ ಅದು" ಎಂದಿರಲಿ. ಡಾಲರ್ ಮೊತ್ತವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿ.

ಹುದ್ದೆಪಟ್ಟಿ:
ನನ್ನ ಒಲವು ಕನಿಷ್ಠ ಸಿಬ್ಬಂದಿ ಕಡೆಗೆ. ಸಂಬಳ ಏರಿದಾಗ ಅನುದಾನವೂ ತಾನಾಗಿ ಏರುತ್ತದೆ, ಸೂಚ್ಯಂಕದ ಜಗಳವಿಲ್ಲ. ಓಕ್ಲಂಡ್ 2014ರಲ್ಲಿ 'ಮೆಷರ್ ಸಿಸಿ' ಎಂಬ, ಮತಕ್ಕೆ ಹಾಕಿದ ಪ್ರಸ್ತಾವದ ಮೂಲಕ ತನ್ನ ಪಬ್ಲಿಕ್ ಎಥಿಕ್ಸ್ ಕಮಿಷನ್‌ಗೆ ಇರಲೇಬೇಕಾದ ಹುದ್ದೆಗಳನ್ನು ಚಾರ್ಟರ್‌ಗೆ ಸೇರಿಸಿತು. ಇನ್ನೊಂದು ದಾರಿ, ಕಾವಲು ಸಂಸ್ಥೆಯನ್ನು ಅದು ಕಾಯುವ ಇಲಾಖೆಯ ಗಾತ್ರಕ್ಕೇ ಜೋಡಿಸುವುದು. 2019ರಲ್ಲಿ ನ್ಯೂಯಾರ್ಕ್ ನಗರ ಪೊಲೀಸರ ವಿರುದ್ಧದ ದೂರುಗಳನ್ನು ನೋಡುವ ಮಂಡಳಿಯ ಸಿಬ್ಬಂದಿಯನ್ನು ಪೊಲೀಸರ ಸಂಖ್ಯೆಯ ಶೇ 0.65ಕ್ಕೆ ಜೋಡಿಸಿತು. ಪೊಲೀಸರು ಹೆಚ್ಚಾದರೆ ಮಂಡಳಿಯೂ ಬೆಳೆಯಬೇಕು.

ಆದರೆ ಯಾವ ಸೂತ್ರ ಬರೆದರೂ ಬಜೆಟ್ ಪುಸ್ತಕದಲ್ಲಿ ಹಣ ಇದ್ದು, ಬೋರ್ಡ್‌ನ ಕೈಗೆ ಬಾರದೆ ಹೋಗುವುದುಂಟು. ಎಡವುವುದು ಹೆಚ್ಚಾಗಿ ಇಲ್ಲೇ, ಕರಡಿನಲ್ಲಿ ಯಾರೂ ನೋಡದ ಜಾಗದಲ್ಲಿ. ಹುದ್ದೆ ಮಂಜೂರಾಗಿರುತ್ತದೆ, ನೇಮಕಾತಿ ತಡೆ ಎಂದು ಮಾನವ ಸಂಪನ್ಮೂಲ ಇಲಾಖೆ ಅರ್ಜಿಯನ್ನೇ ಕರೆಯುವುದಿಲ್ಲ. ವರ್ಷದ ಕೊನೆಗೆ ಖರ್ಚಾಗದ ಮೊತ್ತ ಜನರಲ್ ಫಂಡ್‌ಗೆ ವಾಪಸು. ಮುಂದಿನ ಬಜೆಟ್‌ನಲ್ಲಿ "ಹೋದ ಸಲ ಖರ್ಚೇ ಮಾಡಲಿಲ್ಲವಲ್ಲ" ಎಂದು ಇನ್ನಷ್ಟು ಕಡಿತ. ಇದನ್ನು ತಡೆಯಲು ನಾಲ್ಕು ಮಾತು ಚಾರ್ಟರ್‌ನಲ್ಲೇ ಬೇಕು: ನೇಮಕಾತಿ ತಡೆ ಬೋರ್ಡ್‌ಗೆ ಅನ್ವಯಿಸದು, ಹಣ ಪ್ರತಿ ತ್ರೈಮಾಸಿಕದ ಆರಂಭದಲ್ಲಿ ಬಿಡುಗಡೆ, ಉಳಿಕೆ ಮುಂದಿನ ವರ್ಷಕ್ಕೆ, ಬೇಡಿಕೆ ಮೇಯರ್ ಕಚೇರಿಯಲ್ಲಿ ಕಡಿತವಾಗದೆ ನೇರವಾಗಿ ಕೌನ್ಸಿಲ್‌ಗೆ. 2024ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಮತದಾರರು ಒಪ್ಪಿದ ತಿದ್ದುಪಡಿ ಓದಿ ನೋಡಿ. ಕನಿಷ್ಠ ಬಜೆಟ್ ಜೊತೆಗೆ ಖರ್ಚು ಮತ್ತು ನೇಮಕಾತಿಯ ಮೇಲೆ ಹೆಚ್ಚಿನ ಅಧಿಕಾರವನ್ನೂ, ಕೆಲವು ಸಂದರ್ಭಗಳಲ್ಲಿ ಹೊರಗಿನ ವಕೀಲರನ್ನು ಇಟ್ಟುಕೊಳ್ಳುವ ಅವಕಾಶವನ್ನೂ ಅದು ಅಲ್ಲಿನ ಎಥಿಕ್ಸ್ ಕಮಿಷನ್‌ಗೆ ಕೊಟ್ಟಿತು.

ವಕೀಲರ ವಿಷಯ ಸಣ್ಣದೆಂದು ಬಿಡಬೇಡಿ. ಸಿಟಿ ಅಟಾರ್ನಿ, ಅಂದರೆ ನಗರದ ಅಧಿಕೃತ ವಕೀಲ, ಕೌನ್ಸಿಲ್‌ಗೂ ಸಲಹೆಗಾರ. ಕೌನ್ಸಿಲ್ ಸದಸ್ಯರ ಮೇಲಿನ ಪ್ರಕರಣದಲ್ಲಿ ಅವರೇ ಬೋರ್ಡ್‌ಗೂ ಸಲಹೆ ಕೊಟ್ಟರೆ ಆ ತೀರ್ಪಿನ ಮೇಲೆ ಯಾರಿಗೆ ನಂಬಿಕೆ ಬರುತ್ತದೆ? ಹೊರಗಿನ ವಕೀಲರಿಗೆ ಬೇರೆಯೇ ಲೆಕ್ಕಶೀರ್ಷಿಕೆ ಇರಲಿ.

ಕಲಮು:
ಉಳಿದೆರಡು ಸಲಹೆಗಳ ಬಗ್ಗೆ. ದಂಡದ ಹಣ ಬೋರ್ಡ್‌ಗೆ ಬೇಡವೇ ಬೇಡ. ದಂಡ ವಿಧಿಸುವವರ ಸಂಬಳ ದಂಡದಿಂದಲೇ ಬಂದರೆ ತೀರ್ಪು ನಿಷ್ಪಕ್ಷಪಾತವಲ್ಲ ಎಂಬ ವಾದಕ್ಕೆ ಬಾಗಿಲು ತೆರೆದ ಹಾಗೆ. 1927ರ ಟ್ಯೂಮಿ ಪ್ರಕರಣದಲ್ಲಿ, ಆರೋಪಿ ತಪ್ಪಿತಸ್ಥನಾದರೆ ಮಾತ್ರ ತನಗೆ ಹಣ ಸಿಗುವಂತಿದ್ದ ಮೇಯರ್ ನ್ಯಾಯಾಧೀಶನಾಗಿ ಕೂರುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1972ರ ಮನ್ರೋವಿಲ್ ಪ್ರಕರಣದಲ್ಲಿ ಹಣ ಮೇಯರ್‌ನ ಜೇಬಿಗೆ ಹೋಗುತ್ತಿರಲಿಲ್ಲ, ಊರಿನ ಖಜಾನೆಗೆ ಹೋಗುತ್ತಿತ್ತು. ಅದನ್ನೂ ಕೋರ್ಟ್ ಒಪ್ಪಲಿಲ್ಲ. ದಂಡ ಜನರಲ್ ಫಂಡ್‌ಗೆ ಹೋಗಲಿ.

ಗುತ್ತಿಗೆ ಶುಲ್ಕಕ್ಕೆ ಮಾದರಿ ಮಯಾಮಿ-ಡೇಡ್ ಕೌಂಟಿ (ಕೌಂಟಿ ಎಂದರೆ ಹಲವು ನಗರಗಳನ್ನು ಒಳಗೊಂಡ, ಜಿಲ್ಲೆಯಂಥ ಆಡಳಿತ ಘಟಕ). ಅಲ್ಲಿನ ಇನ್‌ಸ್ಪೆಕ್ಟರ್ ಜನರಲ್‌ಗೆ ಗುತ್ತಿಗೆ ಮೊತ್ತದ ಶೇ 0.25 ಸಲ್ಲುತ್ತದೆ. ಗುತ್ತಿಗೆ ತನಿಖೆಯೇ ಮುಖ್ಯ ಕೆಲಸವಾದ ಕಚೇರಿಗೆ ಇದು ಹೊಂದುತ್ತದೆ, ಹಿತಾಸಕ್ತಿ ಸಂಘರ್ಷದ ಸಲಹೆ ಕೊಡುವ ಬೋರ್ಡ್‌ಗೆ ಅಷ್ಟಾಗಿ ಹೊಂದದು. ದೊಡ್ಡ ಕಾಮಗಾರಿ ಇಲ್ಲದ ವರ್ಷ ಆದಾಯ ಬತ್ತುತ್ತದೆ.

ನೆರೆಯ ಊರುಗಳನ್ನೂ ಸೇರಿಸಿ ಒಂದೇ ಬೋರ್ಡ್ ಮಾಡುವ ಯೋಚನೆ ಇದ್ದರೆ ಪಾಮ್ ಬೀಚ್ ಕೌಂಟಿಯ ಇತಿಹಾಸ ನೋಡಿ. 2010ರಲ್ಲಿ ಮತದಾರರು ಇನ್‌ಸ್ಪೆಕ್ಟರ್ ಜನರಲ್ ವ್ಯವಸ್ಥೆಯನ್ನು ಭಾರಿ ಬಹುಮತದಿಂದ ಒಪ್ಪಿದರು. ಮರುವರ್ಷ ಹಲವು ನಗರಗಳು ಅದರ ವೆಚ್ಚದಲ್ಲಿ ತಮ್ಮ ಪಾಲು ಕೊಡುವುದಿಲ್ಲ ಎಂದು ಕೋರ್ಟಿಗೆ ಹೋದವು, 2016ರಲ್ಲಿ ಮೇಲ್ಮನವಿಯಲ್ಲಿ ಗೆದ್ದವು. ಕೌಂಟಿ ಮಟ್ಟದ ಮತವನ್ನೇ ನಂಬದೆ, ಪ್ರತಿ ನಗರದಿಂದಲೂ ಪಾಲಿನ ಬಗ್ಗೆ ಲಿಖಿತ ಒಪ್ಪಂದ ಮೊದಲೇ ಮಾಡಿಸಿಕೊಳ್ಳಿ.

ಕರಡುಪ್ರತಿ:
ಎಲ್ಲರಿಗೂ ಧನ್ಯವಾದ. ಕನಿಷ್ಠ ಹುದ್ದೆಗಳು, ಜೊತೆಗೆ ಆಯವ್ಯಯ ಅವರು ಹೇಳಿದ "ಯಾವುದು ಹೆಚ್ಚೋ ಅದು" ಸೇರಿಸಿ ಬರೆಯುತ್ತೇವೆ. ತುರ್ತು ಪರಿಸ್ಥಿತಿಯಲ್ಲಿ ಕಡಿತಕ್ಕೆ ಅವಕಾಶ ಇರಲೇಬೇಕು ಎಂದು ಹಣಕಾಸು ಇಲಾಖೆ ಪಟ್ಟು ಹಿಡಿದಿದೆ.

ಹುದ್ದೆಪಟ್ಟಿ:
ಕೊಡಿ, ಆದರೆ ಬಿಗಿಯಾಗಿ. ಕೌನ್ಸಿಲ್‌ನ ಮೂರನೇ ಎರಡರಷ್ಟು ಬಹುಮತ, ಬಹಿರಂಗ ಸಭೆಯಲ್ಲಿ ಲಿಖಿತ ಕಾರಣ, ಒಂದು ಬಜೆಟ್ ವರ್ಷಕ್ಕೆ ಮಾತ್ರ. ಬೋರ್ಡ್‌ನ ಕಡಿತದ ಪ್ರಮಾಣ ಮೇಯರ್ ಮತ್ತು ಕೌನ್ಸಿಲ್ ಕಚೇರಿಗಳ ಕಡಿತಕ್ಕಿಂತ ಹೆಚ್ಚಾಗಬಾರದು. ಈ ಕೊನೆಯ ಷರತ್ತನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.