ಸಂತೆಯಲ್ಲಿ ಹತ್ತು ರೂಪಾಯಿ, ಮನೆಯಲ್ಲಿ ಆರು: ಕರೆಂಟಿನ ದರದ ಬಗ್ಗೆ ಕೇಳಿ

ಎಲ್ಲರಿಗೂ ನಮಸ್ಕಾರ. ನಾನು ಮೊದಲು ಲೋಡ್ ಡಿಸ್ಪ್ಯಾಚ್ ಸೆಂಟರಿನಲ್ಲಿ (ಕರೆಂಟಿನ ಬೇಡಿಕೆ, ಪೂರೈಕೆ ಸರಿದೂಗಿಸುವ ಕಚೇರಿ), ಆಮೇಲೆ ವಿದ್ಯುತ್ ಖರೀದಿ ವಿಭಾಗದಲ್ಲಿ, ಒಟ್ಟು 19 ವರ್ಷ ಕೆಲಸ ಮಾಡಿದ ಇಂಜಿನಿಯರ್. ಕರೆಂಟನ್ನು ಸಗಟಾಗಿ ಹೇಗೆ ಕೊಳ್ಳುತ್ತಾರೆ, ಅದು ನಿಮ್ಮ ಬಿಲ್ಲಾಗಿ ಹೇಗೆ ಬರುತ್ತದೆ, ಇಷ್ಟು ಇವತ್ತಿನ ವಿಷಯ. ಒಂದೇ ವಿನಂತಿ: ನಿಮ್ಮ ಆರ್‌ಆರ್ ನಂಬರ್ ಇಲ್ಲಿ ಹಾಕಬೇಡಿ.

ಪ್ರಶ್ನೆ (ತಿಪಟೂರು, ಹೋಟೆಲ್): ಮೇಡಂ, ಬೇಸಿಗೆಯಲ್ಲಿ ಪೇಪರಲ್ಲಿ ಓದಿದೆ. ಎಕ್ಸ್‌ಚೇಂಜಿನಲ್ಲಿ, ಅದೇ ಕರೆಂಟಿನ ಸಗಟು ಸಂತೆಯಲ್ಲಿ, ಯೂನಿಟ್ಟಿಗೆ 10 ರೂಪಾಯಿ ಕೊಟ್ಟು ಕರೆಂಟು ತಂದರಂತೆ. ನಮ್ಮ ಮನೆ ಬಿಲ್ಲಿನಲ್ಲಿ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು. ಹತ್ತಕ್ಕೆ ತಂದು ಆರಕ್ಕೆ ಮಾರುವ ಅಂಗಡಿ ನಾನು ನೋಡಿಲ್ಲ. ಮಧ್ಯದ ನಾಲ್ಕು ರೂಪಾಯಿ ಯಾರ ಜೇಬಿನಿಂದ?

ಉತ್ತರ: ಸರ್, ಎಲ್ಲ ಕರೆಂಟನ್ನೂ ಹತ್ತು ರೂಪಾಯಿಗೆ ತರುವುದಿಲ್ಲ. ಬಹುಪಾಲು ಕರೆಂಟು ಮೊದಲೇ ಮಾತಾಡಿಟ್ಟದ್ದು. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರ, ಕೈಗಾ ಅಣು ಸ್ಥಾವರ, ಪಾವಗಡದ ಸೋಲಾರ್, ಶರಾವತಿ, ಹೀಗೆ. ಇಂಥ ಒಪ್ಪಂದಗಳು ಎಷ್ಟೋ ಸಲ 25 ವರ್ಷದವು.

ಕಲ್ಲಿದ್ದಲು ಸ್ಥಾವರದ ಒಪ್ಪಂದ ಅಂದರೆ ತಿಂಗಳ ಸಂಬಳಕ್ಕೆ ಡ್ರೈವರ್ ಇಟ್ಟುಕೊಂಡ ಹಾಗೆ. ಗಾಡಿ ಓಡಲಿ, ಶೆಡ್ಡಿನಲ್ಲೇ ನಿಲ್ಲಲಿ, ಸಂಬಳ ಕೊಡಲೇಬೇಕು. ಅದು ಫಿಕ್ಸೆಡ್ ಚಾರ್ಜ್. ಓಡಿದ ದಿನ ಡೀಸೆಲ್ ದುಡ್ಡು ಬೇರೆ, ಅಂದರೆ ಕಲ್ಲಿದ್ದಲಿನ ಖರ್ಚು. ಹಾಗಾಗಿ ದಿನಾ ನಾವು ಯಾವ ಸ್ಥಾವರದ ಡೀಸೆಲ್ ಅಗ್ಗ ಅಂತ ನೋಡಿ, ಅದನ್ನು ಮೊದಲು ಓಡಿಸುತ್ತೇವೆ. ದುಬಾರಿಯದ್ದು ಕೊನೆಗೆ. ಹಳೆಯ ಜಲವಿದ್ಯುತ್ ಎಲ್ಲಕ್ಕಿಂತ ಅಗ್ಗ.

ಇಷ್ಟಾದರೂ ಸಾಲದ ಹೊತ್ತಿಗೆ ಎಕ್ಸ್‌ಚೇಂಜಿಗೆ ಹೋಗುತ್ತೇವೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್, ಕರೆಂಟು ಹಂಚುವ ಈ ಐದೂ ಕಂಪನಿಗಳ ಪರವಾಗಿ ಪಿಸಿಕೆಎಲ್ (ಪವರ್ ಕಂಪನಿ ಆಫ್ ಕರ್ನಾಟಕ) ಖರೀದಿಯ ಕೆಲಸ ನೋಡಿಕೊಳ್ಳುತ್ತದೆ. ಸಂಜೆ ನಾಲ್ಕು ಗಂಟೆ ಕಾಲ 500 ಮೆಗಾವ್ಯಾಟ್ ಕೊಂಡರೆ 20 ಲಕ್ಷ ಯೂನಿಟ್. ಹತ್ತು ರೂಪಾಯಿಯಂತೆ 2 ಕೋಟಿ. ಒಂದೇ ಸಂಜೆಗೆ! ಆದರೆ ಅದು ದಿನದ ಒಟ್ಟು ಕರೆಂಟಿನ ಸಣ್ಣ ಪಾಲು. ಅಗ್ಗದ್ದೂ ದುಬಾರಿಯದ್ದೂ ಒಂದೇ ಪಾತ್ರೆಯಲ್ಲಿ ಬೆರೆತು ಸರಾಸರಿ ಬರುತ್ತದೆ. ಅದರ ಮೇಲೆ ತಂತಿ, ಸಬ್‌ಸ್ಟೇಷನ್, ಸಿಬ್ಬಂದಿ, ಸೋರಿಕೆ ಎಲ್ಲ ಸೇರಿಸಿ ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ನಿಮ್ಮ ದರ ಗೊತ್ತು ಮಾಡುತ್ತದೆ.

ಮರುಪ್ರಶ್ನೆ (ಅದೇ ಹೋಟೆಲ್): ಸರಾಸರಿ ಲೆಕ್ಕ ತಪ್ಪಿದರೆ?

ಉತ್ತರ: ತಪ್ಪುತ್ತದೆ ಸರ್, ಆಗಾಗ. ದರ ಕಟ್ಟುವುದು ವರ್ಷಕ್ಕೆ ಮೊದಲೇ. ಮಳೆ, ಕಲ್ಲಿದ್ದಲು, ಬಿಸಿಲು ಯಾವುದೂ ಆ ಲೆಕ್ಕ ಕೇಳಿ ಬರುವುದಿಲ್ಲ. ನಿಮ್ಮ ಬಿಲ್ಲು ತೆಗೆದು ನೋಡಿ, ಎಫ್‌ಪಿಪಿಸಿಎ ಅಂತ ಒಂದು ಸಾಲು ಇದೆ. ಅಂದಾಜಿಗಿಂತ ಖರೀದಿ ಖರ್ಚು ಜಾಸ್ತಿಯಾದರೆ ಆ ವ್ಯತ್ಯಾಸ ಸ್ವಲ್ಪ ತಡವಾಗಿ ಪೈಸೆ ಲೆಕ್ಕದಲ್ಲಿ ಅಲ್ಲಿ ಬರುತ್ತದೆ. ಕಡಿಮೆಯಾದರೆ ಅದೇ ಸಾಲಿನಲ್ಲಿ ವಾಪಸ್ ಬರುತ್ತದೆ. ನೀವು ಕೇಳಿದ ನಾಲ್ಕು ರೂಪಾಯಿಯ ಒಂದಷ್ಟು ಪಾಲು ಅಲ್ಲಿದೆ. ಮಿಕ್ಕಿದ್ದು ಕಂಪನಿಯ ನಷ್ಟವಾಗಿ ಕೂತು, ಮುಂದಿನ ದರ ಪರಿಷ್ಕರಣೆಯಲ್ಲಿ ಎದ್ದು ಬರುತ್ತದೆ.

ಬಿಲ್ಲಿನಲ್ಲಿ ಉಳಿದ ಸಾಲುಗಳೂ ಇವೆ. ಸ್ಯಾಂಕ್ಷನ್ ಲೋಡಿನ, ಅಂದರೆ ನಿಮಗೆ ಮಂಜೂರಾದ ಕಿಲೋವ್ಯಾಟಿನ, ಮೇಲೆ ಫಿಕ್ಸೆಡ್ ಚಾರ್ಜ್. 9% ತೆರಿಗೆ. 2025ರ ಏಪ್ರಿಲ್‌ನಿಂದ ಸಿಬ್ಬಂದಿಯ ಪಿಂಚಣಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿತು. ಇವಕ್ಕೂ ಎಕ್ಸ್‌ಚೇಂಜಿಗೂ ಸಂಬಂಧ ಇಲ್ಲ.

ಪ್ರಶ್ನೆ (ಧಾರವಾಡ, ಎಂ.ಕಾಂ. ವಿದ್ಯಾರ್ಥಿನಿ): ಅಕ್ಕಾ, ಎಕ್ಸ್‌ಚೇಂಜಿನಲ್ಲಿ ಹರಾಜು ಹೇಗೆ ನಡೆಯುತ್ತದೆ? ಎಪಿಎಂಸಿಯ ಹರಾಜಿನ ಹಾಗೆಯಾ?

ಉತ್ತರ: ಒಳ್ಳೆ ಪ್ರಶ್ನೆ ತಂಗಿ. ಹೋಲಿಕೆ ಅರ್ಧ ಸರಿ.

ಕೋಲಾರದ ಟೊಮೆಟೊ ಮಂಡಿಯಲ್ಲಿ ಒಂದೊಂದು ಲಾಟಿಗೂ ಒಂದೊಂದು ರೇಟು. ಕರೆಂಟಿಗೆ ಹಾಗಲ್ಲ. ನಾಳೆಯ ದಿನವನ್ನು 15 ನಿಮಿಷದ 96 ತುಂಡು ಮಾಡುತ್ತಾರೆ. ಒಂದೊಂದು ತುಂಡಿಗೂ ಬೇರೆ ಬೇರೆ ಬೆಲೆ. ಇವತ್ತು ಬೆಳಗ್ಗೆ 10ರಿಂದ 12ರೊಳಗೆ ದೇಶದ ಎಲ್ಲ ಕಡೆಯಿಂದ ಕೊಳ್ಳುವವರೂ ಮಾರುವವರೂ ತಮ್ಮ ಬೆಲೆ ಹಾಕುತ್ತಾರೆ. ಯಾರು ಏನು ಹಾಕಿದರು ಅಂತ ಇನ್ನೊಬ್ಬರಿಗೆ ಕಾಣುವುದಿಲ್ಲ. ಮಾರುವವರನ್ನು ಅಗ್ಗದಿಂದ ಮೇಲಕ್ಕೆ, ಕೊಳ್ಳುವವರನ್ನು ಹೆಚ್ಚು ಕೊಡುವವರಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸುತ್ತದೆ ಕಂಪ್ಯೂಟರ್. ಎರಡೂ ಸಾಲು ಎಲ್ಲಿ ಸೇರುತ್ತವೋ ಅದೇ ಬೆಲೆ, ಎಲ್ಲರಿಗೂ.

ಒಬ್ಬ 2 ರೂಪಾಯಿಗೆ, ಇನ್ನೊಬ್ಬ 4ಕ್ಕೆ, ಮೂರನೆಯವ 7ಕ್ಕೆ ಕೊಡುತ್ತೇನೆ ಅಂದ ಅಂದುಕೊಳ್ಳಿ. ಮೂವರದ್ದೂ ಬೇಕಾಯಿತು. ಆಗ 2 ಅಂದವನಿಗೂ 7 ರೂಪಾಯಿಯೇ ಸಿಗುತ್ತದೆ.

ಇನ್ನೊಬ್ಬರು (ಶಿವಮೊಗ್ಗ): ಇದು ಅನ್ಯಾಯ ಅಲ್ವಾ ಮೇಡಂ? ಎರಡಕ್ಕೆ ಕೊಡಲು ಒಪ್ಪಿದವನಿಗೆ ಏಳು ಯಾಕೆ?

ಉತ್ತರ: ನನಗೂ ಮೊದಲ ವರ್ಷ ಹೀಗೇ ಅನಿಸಿತ್ತು. ಆದರೆ ಹೇಳಿದಷ್ಟೇ ಕೊಡುತ್ತೇವೆ ಅಂದುಬಿಟ್ಟರೆ ನಾಳೆಯಿಂದ ಯಾರೂ 2 ಅಂತ ಬರೆಯುವುದಿಲ್ಲ. ಎಲ್ಲರೂ ಕೊನೆಯವನ ಬೆಲೆ ಎಷ್ಟಿರಬಹುದು ಅಂತ ಊಹಿಸಿ 6.90 ಬರೆಯುತ್ತಾರೆ. ಆಗ ನಿಜವಾಗಿ ಯಾರ ಕರೆಂಟು ಅಗ್ಗ ಅಂತಲೇ ತಿಳಿಯುವುದಿಲ್ಲ. ಒಂದೇ ಬೆಲೆಯ ಪದ್ಧತಿಯಲ್ಲಿ ತನ್ನ ನಿಜವಾದ ಖರ್ಚು ಬರೆಯುವುದೇ ಮಾರುವವನಿಗೆ ಕ್ಷೇಮ. ಹಾಗಂತ ಕೊರತೆಯ ಹೊತ್ತಿನಲ್ಲಿ ಬೆಲೆ ಎಲ್ಲಿಗೆ ಬೇಕಾದರೂ ಹೋಗಲಿ ಅಂತ ಬಿಡುವುದು ತಪ್ಪು ಅನ್ನುವವಳು ನಾನು. 2022ರ ಬೇಸಿಗೆಯಲ್ಲಿ ಯೂನಿಟ್ಟಿಗೆ 20 ರೂಪಾಯಿವರೆಗೂ ಹೋಗಿತ್ತು. ಆ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 12 ರೂಪಾಯಿಗೆ ಮಿತಿ ಹಾಕಿತು. 2023ರಲ್ಲಿ ಅದನ್ನು 10ಕ್ಕೆ ಇಳಿಸಿತು. ನೀವು ಪೇಪರಲ್ಲಿ ಓದುವ ಹತ್ತು ರೂಪಾಯಿ ಅಂದರೆ ಬೆಲೆ ಆ ಮಿತಿಗೆ ತಾಗಿ ನಿಂತಿದೆ ಅಂತ.

ಟೊಮೆಟೊಗೂ ಕರೆಂಟಿಗೂ ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಟೊಮೆಟೊ ಎರಡು ದಿನ ಇಡಬಹುದು. ಕರೆಂಟನ್ನು ಹುಟ್ಟಿದ ಕ್ಷಣವೇ ಯಾರಾದರೂ ಬಳಸಬೇಕು. ಬಳಕೆ ಜಾಸ್ತಿಯಾದರೆ ಗ್ರಿಡ್ಡಿನ (ತಂತಿಜಾಲದ) ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಕರೆಂಟಿನ ಮಿಡಿತ, 50ರಿಂದ ಕೆಳಗಿಳಿಯುತ್ತದೆ, ಕಡಿಮೆಯಾದರೆ ಮೇಲೇರುತ್ತದೆ. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಆ ಅಂಕಿ ದೊಡ್ಡದಾಗಿ ಕಾಣುತ್ತಿರುತ್ತದೆ. 50.01, 49.98, 49.93. ಟೀ ಕುಡಿಯುವಾಗಲೂ ಕಣ್ಣು ಅಲ್ಲೇ.

ಒಂದು ಮೇ ತಿಂಗಳ ಸಂಜೆ ಮರೆಯಲ್ಲ. ನಾಳೆಗೆ ಬೇಕು ಅಂತ ಹಿಂದಿನ ದಿನವೇ ಭಾರೀ ಪ್ರಮಾಣದಲ್ಲಿ ಕೊಂಡಿದ್ದೆವು. ಮಧ್ಯಾಹ್ನ ಮೂರಕ್ಕೆ ಹಾವೇರಿ, ದಾವಣಗೆರೆ ಕಡೆ ಮೋಡ ಕವಿದು ಗಾಳಿಮಳೆ ಹಿಡಿಯಿತು. ರೈತರು ಪಂಪ್‌ಸೆಟ್ ಆಫ್ ಮಾಡಿದರು, ಫ್ಯಾನು ನಿಂತವು, ಎಷ್ಟೋ ಫೀಡರುಗಳು, ಅಂದರೆ ಊರಿಗೆ ಕರೆಂಟು ತರುವ ಲೈನುಗಳು, ಟ್ರಿಪ್ ಆದವು. ನೋಡನೋಡುತ್ತ ಲೋಡು ನೂರಾರು ಮೆಗಾವ್ಯಾಟ್ ಕುಸಿಯಿತು. ದುಡ್ಡು ಕೊಟ್ಟು ತಂದ ಕರೆಂಟು ಕೈಯಲ್ಲಿದೆ, ಬೇಕಾದವರಿಲ್ಲ. 2020ರ ಜೂನ್‌ನಲ್ಲಿ ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ರಿಯಲ್ ಟೈಮ್ ಮಾರುಕಟ್ಟೆ ಶುರುವಾಗಿದ್ದರಿಂದ, ಸುಮಾರು ಒಂದು ಗಂಟೆಯೊಳಗೆ ಒಂದಷ್ಟನ್ನು ಬೇರೆ ರಾಜ್ಯಕ್ಕೆ ಮಾರಿದೆವು. ಕೊಂಡ ಬೆಲೆ ಬರಲಿಲ್ಲ. ಸುಮ್ನೆ ಬಿಟ್ಟಿದ್ದರೆ ಅದೂ ಇಲ್ಲ, ಮೇಲೆ ದಂಡವೂ ಬೀಳುತ್ತಿತ್ತು.

ಪ್ರಶ್ನೆ (ಪಾವಗಡ): ಮೇಡಂ, ತಿರುಮಣಿ ಕಡೆ ಹೋಗಿ ನೋಡಿ, ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್. 2,050 ಮೆಗಾವ್ಯಾಟ್ ಅಂತಾರೆ. ಆದರೆ ನಮ್ಮೂರಲ್ಲಿ ರಾತ್ರಿ ಕರೆಂಟು ಹೋಗುತ್ತದೆ. ನಮ್ಮ ನೆಲದ ಕರೆಂಟು ನಮಗೇ ಇಲ್ಲವಾ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು ಅಣ್ಣಾ. ಎರಡು ವಿಷಯ ಬಿಡಿಸಿ ಹೇಳುತ್ತೇನೆ.

ಒಂದು, ಪಾರ್ಕಿನ ಕರೆಂಟು ಹೊರಡುವುದು ದೊಡ್ಡ ಲೈನಿನಲ್ಲಿ, 400 ಕೆವಿ ಗ್ರಿಡ್ಡಿಗೆ. ನಿಮ್ಮ ಮನೆಗೆ ಬರುವುದು ಬೇರೆ ಸಬ್‌ಸ್ಟೇಷನ್ನಿನಿಂದ, 11 ಕೆವಿ ಫೀಡರಿನಲ್ಲಿ. ಹೆದ್ದಾರಿ ಊರ ಪಕ್ಕದಲ್ಲೇ ಹೋದರೂ ಸರ್ವಿಸ್ ರೋಡ್ ಹಾಳಾಗಿದ್ದರೆ ಮನೆ ಸೇರುವುದು ತಡ, ಅಲ್ವಾ? ರಾತ್ರಿ ಹೋಗುವ ಕರೆಂಟಿಗೆ ಬಹಳ ಸಲ ಕಾರಣ ಲೈನಿನ ತೊಂದರೆ, ಇಲ್ಲವೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಬಿದ್ದ ಹೆಚ್ಚಿನ ಲೋಡು. ಇದಕ್ಕೆ ಮಾರುಕಟ್ಟೆಯನ್ನು ದೂರಿದರೆ ಕೆಲಸ ಆಗುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಹೋಯಿತು ಅಂತ ಬರೆದಿಟ್ಟು ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಡಿ. ಸ್ವೀಕೃತಿ ತೆಗೆದುಕೊಳ್ಳಿ.

ಎರಡು, ಸೂರ್ಯ ಮುಳುಗುವ ಹೊತ್ತಿಗೇ ಎಲ್ಲ ಮನೆಯಲ್ಲೂ ದೀಪ ಹತ್ತುತ್ತದೆ. ಬಿಸಿಲಿನ ದಿನ ಮಧ್ಯಾಹ್ನ ಎಕ್ಸ್‌ಚೇಂಜಿನಲ್ಲಿ ಎರಡು ಮೂರು ರೂಪಾಯಿಗೆ ಬಿದ್ದಿರುವ ಕರೆಂಟು ಅದೇ ರಾತ್ರಿ ಹತ್ತಕ್ಕೆ ತಾಗುವುದು ಇದಕ್ಕೇ. ಆಗ ನಾವು ಶರಾವತಿಯ ಕಡೆ ನೋಡುತ್ತೇವೆ. 1,035 ಮೆಗಾವ್ಯಾಟ್, ಕೆಲವೇ ನಿಮಿಷದಲ್ಲಿ ಶುರುವಾಗುವ ಯಂತ್ರಗಳು. ಲಿಂಗನಮಕ್ಕಿಯ ನೀರು ನಮ್ಮ ಉಳಿತಾಯದ ಗಂಟು. ಪೂರ್ತಿ ಮಟ್ಟ 1,819 ಅಡಿ. ಆ ಅಂಕಿ ಇಳಿಯುತ್ತ ಹೋದಂತೆ ನನಗೆ ನಿದ್ದೆ ಕಡಿಮೆ.

2023ರಲ್ಲಿ ಮಳೆ ಕೈಕೊಟ್ಟಾಗ ಹೀಗೇ ಆಯಿತು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ತಡೆಯಿತು. ಉತ್ತರ ಪ್ರದೇಶ, ಪಂಜಾಬಿನಿಂದ ಕರೆಂಟು ಎರವಲು ತಂದಿತು. ಪಕ್ಕದ ಮನೆಯಿಂದ ಸೇರು ರಾಗಿ ತಂದು ಸುಗ್ಗಿಯಲ್ಲಿ ಹಿಂದಿರುಗಿಸುತ್ತೇವಲ್ಲ, ಅದೇ. ದುಡ್ಡಲ್ಲ, ಕರೆಂಟಿಗೆ ಕರೆಂಟು. ಪಂಜಾಬಿಗೆ ಭತ್ತದ ನಾಟಿಯ ಹೊತ್ತಿಗೆ, ಜೂನ್ ನಂತರ, ಬೇಕು. ಆಗ ನಮ್ಮ ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿರುತ್ತವೆ. ಇಬ್ಬರಿಗೂ ಹೊಂದುವ ವ್ಯವಹಾರ. ನನ್ನ ಪ್ರಕಾರ ಇಂಥವು ಇನ್ನೂ ಜಾಸ್ತಿ ಆಗಬೇಕು.

ಪ್ರಶ್ನೆ (ರಾಯಚೂರು): ಪಂಜಾಬಿನ ಕರೆಂಟು ಇಲ್ಲಿವರೆಗೆ ಹೇಗೆ ಬರುತ್ತದೆ ಅಕ್ಕಾ?

ಉತ್ತರ: ನಿಮ್ಮೂರಿನ ಮೂಲಕವೇ! 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನು ಚಾಲೂ ಆಗಿ, ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿಗೆ ಸೇರಿತು. ಅದಕ್ಕೂ ಮೊದಲು ದಾರಿ ಕಿರಿದು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ಡಿಸಿ ಲೈನಿನಂಥ ಕೆಲವೇ ಕೊಂಡಿಗಳಿದ್ದವು. ದಾರಿ ತುಂಬಿದಾಗ ಎಕ್ಸ್‌ಚೇಂಜಿನಲ್ಲಿ ದಕ್ಷಿಣಕ್ಕೆ ಬೇರೆ, ದುಬಾರಿ ಬೆಲೆ ಬರುತ್ತಿತ್ತು.

ಪ್ರಶ್ನೆ (ಪೀಣ್ಯ, ಮಷೀನ್ ಶಾಪ್): ನಮ್ಮದು 60 ಕಿಲೋವ್ಯಾಟ್. ಮಧ್ಯಾಹ್ನ ಎಕ್ಸ್‌ಚೇಂಜಲ್ಲಿ ಅಷ್ಟು ಅಗ್ಗ ಇದ್ದರೆ ನಾವೇ ನೇರವಾಗಿ ಕೊಳ್ಳಬಹುದಾ?

ಉತ್ತರ: ಎಕ್ಸ್‌ಚೇಂಜಿನಿಂದ ಸದ್ಯ ಆಗಲ್ಲ ಸರ್. 2003ರ ವಿದ್ಯುತ್ ಕಾಯ್ದೆ ಓಪನ್ ಆಕ್ಸೆಸ್ ಹಕ್ಕು, ಅಂದರೆ ಬೇರೆಯವರಿಂದ ನೇರವಾಗಿ ಕರೆಂಟು ಕೊಳ್ಳುವ ಹಕ್ಕು, ಕೊಟ್ಟಿದ್ದು 1 ಮೆಗಾವ್ಯಾಟ್ ಮೀರಿದವರಿಗೆ. ಅವರೂ ತಂತಿ ಬಾಡಿಗೆ ಮತ್ತು ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಕಟ್ಟಬೇಕು. ದೊಡ್ಡ ಗ್ರಾಹಕ ಕೊಡುವ ಹೆಚ್ಚಿನ ದರದಿಂದಲೇ ಸಣ್ಣ ಗ್ರಾಹಕನ ದರ ತಗ್ಗುತ್ತದೆ. ದೊಡ್ಡವರು ಎದ್ದು ಹೋದರೆ ಆ ಭಾರ ಉಳಿದವರ ಮೇಲೆ. ಅದಕ್ಕೇ ಈ ಸರ್‌ಚಾರ್ಜ್.

ಪ್ರಶ್ನೆ (ಡಲ್ಲಾಸ್, ಅಮೆರಿಕ): ಇಲ್ಲಿ ನಮ್ಮ ಮನೆಗೆ ಹತ್ತಾರು ಕಂಪನಿಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು ಮೇಡಂ. ಊರಿನಲ್ಲೂ ಹೀಗೆ ಬಂದರೆ ಒಳ್ಳೆಯದಲ್ವಾ?

ಉತ್ತರ: ಟೆಕ್ಸಾಸಿನಲ್ಲಿ 2002ರಿಂದ ಆ ವ್ಯವಸ್ಥೆ ಇದೆ. ನಿಮ್ಮ ಮನೆಗೆ ತಂತಿ ಯಾವಾಗಲೂ ಆನ್‌ಕೋರ್ (Oncor) ಕಂಪನಿಯದ್ದೇ. ನೀವು ಆರಿಸುವುದು ಬಿಲ್ಲು ಕೊಡುವವರನ್ನು. ಅವರು ಸಗಟಿನಲ್ಲಿ ಕೊಂಡು ನಿಮಗೆ ಚಿಲ್ಲರೆಗೆ ಮಾರುತ್ತಾರೆ. ಅದೇ ರಾಜ್ಯದ ಆಸ್ಟಿನ್‌ನಲ್ಲಿ ನಗರದ್ದೇ ಸಂಸ್ಥೆ, ಆಯ್ಕೆ ಇಲ್ಲ.

ಆದರೆ 2021ರ ಫೆಬ್ರವರಿ ನೆನಪಿದೆಯಲ್ವಾ? ಹಿಮದ ಚಳಿಗೆ ಸ್ಥಾವರಗಳು ನಿಂತವು. ಸಗಟು ಬೆಲೆ ಯೂನಿಟ್ಟಿಗೆ 9 ಡಾಲರ್ ಮುಟ್ಟಿ ದಿನಗಟ್ಟಲೆ ಅಲ್ಲೇ ನಿಂತಿತು. ವರ್ಷಕ್ಕೆ ಒಂದೇ ದರದ ಪ್ಲ್ಯಾನ್ ಇದ್ದವರಿಗೆ ಬಿಲ್ಲಿನಲ್ಲಿ ದರ ಬದಲಾಗಲಿಲ್ಲ, ಹೊಡೆತ ಮಾರುವ ಕಂಪನಿಗೆ ಬಿತ್ತು. ಗ್ರಿಡ್ಡಿ ಅನ್ನುವ ಕಂಪನಿ ತಿಂಗಳಿಗೆ 9.99 ಡಾಲರ್ ತೆಗೆದುಕೊಂಡು ಸಗಟು ಬೆಲೆಯನ್ನೇ ನೇರವಾಗಿ ಮನೆಗೆ ಕೊಡುತ್ತಿತ್ತು. ಅವರ ಗ್ರಾಹಕರಿಗೆ ಕೆಲವೇ ದಿನಕ್ಕೆ ಸಾವಿರಾರು ಡಾಲರ್ ಬಿಲ್ ಬಂತು. ಆಮೇಲೆ ಮನೆಗಳಿಗೆ ಅಂಥ ಪ್ಲ್ಯಾನ್ ಮಾರುವುದನ್ನೇ ಅಲ್ಲಿ ನಿಷೇಧಿಸಿದರು.

ಆಯ್ಕೆ ಬೇಡ ಅಂತ ನಾನು ಹೇಳುವುದಿಲ್ಲ. ಮುಂಬೈಯಲ್ಲಿ ಟಾಟಾ, ಅದಾನಿ ಎರಡರಲ್ಲಿ ಒಂದನ್ನು ಆರಿಸುವವರಿದ್ದಾರೆ. ಆದರೆ ಬೆಲೆ ಏರಿಳಿತದ ಹೊರೆ ಯಾರು ಹೊರುತ್ತಾರೆ ಅನ್ನುವುದು ಕಾಗದದ ಮೇಲೆ ಸ್ಪಷ್ಟ ಇಲ್ಲದೆ ಆಯ್ಕೆ ಕೊಟ್ಟರೆ, ಸಣ್ಣ ಮನೆಗಳೇ ಸಿಕ್ಕಿಬೀಳುತ್ತವೆ.

ಪ್ರಶ್ನೆ (ಮಂಡ್ಯ): ನಮಗೆ ಗೃಹಜ್ಯೋತಿ, ಬಿಲ್ಲು ಸೊನ್ನೆ. ನಮಗೆ ಇದೆಲ್ಲ ಯಾಕೆ?

ಉತ್ತರ: ನಿಮ್ಮ ಯೂನಿಟ್ಟಿನ ದುಡ್ಡನ್ನು ಸರ್ಕಾರ ಕಂಪನಿಗೆ ಕಟ್ಟಬೇಕಮ್ಮ. ಪಂಪ್‌ಸೆಟ್ಟಿನದ್ದೂ ಹಾಗೇ. ಆ ದುಡ್ಡು ತಡವಾದರೆ ಸಂಜೆ ಎಕ್ಸ್‌ಚೇಂಜಿಗೆ ಹೋಗಲು ಕಂಪನಿಯ ಕೈಯಲ್ಲಿ ಕಾಸಿರಲ್ಲ. ಅಲ್ಲಿ ಉದ್ರಿ ನಡೆಯುವುದಿಲ್ಲ.

ಮರುಪ್ರಶ್ನೆ (ತಿಪಟೂರು, ಹೋಟೆಲ್): ಹಾಗಾದರೆ ನಾನು ಹಿಟ್ಟು ಮಧ್ಯಾಹ್ನವೇ ರುಬ್ಬಿದರೆ ಉಳಿತಾಯ ಆಗುತ್ತದಾ ಮೇಡಂ?

ಉತ್ತರ: ನಿಮ್ಮ ಮೀಟರು ಹೊತ್ತು ನೋಡಿ ಲೆಕ್ಕ ಹಾಕುವಂಥದ್ದಾದರೆ ಮಾತ್ರ. 2023ರ ಕೇಂದ್ರದ ನಿಯಮದಲ್ಲಿ ಬಿಸಿಲಿನ ಹೊತ್ತಿಗೆ ಕನಿಷ್ಠ 20% ಕಡಿಮೆ ದರ, ಸಂಜೆಯ ಪೀಕ್ ಹೊತ್ತಿಗೆ ಹೆಚ್ಚು ದರ ಅಂತ ಇದೆ. ಅದಕ್ಕೆ ಸ್ಮಾರ್ಟ್ ಮೀಟರ್ ಬೇಕು, ರಾಜ್ಯದ ದರ ಆದೇಶವೂ ನಿಮ್ಮ ವರ್ಗಕ್ಕೆ ಅನ್ವಯಿಸಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ರುಬ್ಬಿದ ಹಿಟ್ಟು ಬೆಳಗ್ಗೆಯೊಳಗೆ ಹುಳಿ ಬರಬಹುದು, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೊದಲು ಬೋರ್‌ವೆಲ್ ಮೋಟರು, ಗೀಸರು ಮಧ್ಯಾಹ್ನಕ್ಕೆ ಹಾಕಿ ನೋಡಿ. ಬಿಲ್ಲಿನಲ್ಲಿ ಟಿಓಡಿ (ಹೊತ್ತಿಗೊಂದು ದರ) ಅನ್ನುವ ಸಾಲು ಇದ್ದರೆ ಆರ್‌ಆರ್ ನಂಬರ್ ಮುಚ್ಚಿ ಫೋಟೋ ಕಳಿಸಿ, ಲೆಕ್ಕ ಹಾಕಿ ಹೇಳುತ್ತೇನೆ.