ಐದು ವಾರದ ಬೆಕ್ಕಿನ ಮರಿಗೆ ಚಿಗಟ, ಏನು ಮಾಡಲಿ?

ಮರಿಯ ಹೊಟ್ಟೆಯ ಕೂದಲು ಸರಿಸಿದರೆ ಚಿಗಟಗಳು ಓಡಾಡುತ್ತಿವೆ, ಜೊತೆಗೆ ಕರಿ ಪುಡಿ ಥರ ಏನೋ ಇದೆ, ಒದ್ದೆ ಹತ್ತಿಗೆ ಒತ್ತಿದರೆ ಕೆಂಪಾಗುತ್ತದೆ. ನಾಯಿಗೆ ತಂದ ಔಷಧಿ ಮನೆಯಲ್ಲಿದೆ, ಒಂದು ಹನಿ ಹಾಕಬಹುದಾ?

ಉತ್ತರ 1: ದಯವಿಟ್ಟು ಹಾಕಬೇಡಿ! ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿಗೆ ವಿಷ, ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು. ಹೇನು ತೆಗೆಯುವ ಸೀರಣಿಗೆಯಿಂದ ದಿನಾ ಮೆಲ್ಲಗೆ ಬಾಚಿ, ಸಿಕ್ಕಿದ್ದನ್ನು ಸೋಪು ನೀರಿಗೆ ಅದ್ದಿ. ಕುತ್ತಿಗೆ, ಬಾಲದ ಬುಡದಲ್ಲಿ ಜಾಸ್ತಿ ಇರುತ್ತವೆ.

ಉತ್ತರ 2: ಸ್ನಾನ ಮಾಡಿಸಿದರೆ ಉಗುರುಬೆಚ್ಚಗಿನ ನೀರಲ್ಲಿ, ತಕ್ಷಣ ಒರೆಸಿ ಬೆಚ್ಚಗಿಡಿ. ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ, ಮೊಟ್ಟೆಗಳು ಉದುರುವುದು ಅಲ್ಲೇ ಅಲ್ವಾ.

ಉತ್ತರ 3: ಮೊದಲು ವಸಡು ನೋಡಿ. ಬಿಳಿಚಿದ್ದರೆ ರಕ್ತ ಕಡಿಮೆಯಾಗಿರಬಹುದು, ಸುಮ್ನೆ ಕಾಯಬೇಡಿ, ಇವತ್ತೇ ಪಶುವೈದ್ಯರಿಗೆ ತೋರಿಸಿ.